ಕೈತಾಳದಿಂದ ಸ್ವರಲಿಪಿಗೆ: ಅಂಗಚಲನೆ ಮತ್ತು ತಂತ್ರಜ್ಞಾನದ ನೆರವಿನಿಂದ ಮಕ್ಕಳಿಗೆ ಸ್ವರಲಿಪಿ ಓದಲು ಕಲಿಸುವ ಸಮಗ್ರ ಮಾರ್ಗದರ್ಶಿ

ಎರಡು ಮೂರು ವರ್ಷ ಕರ್ನಾಟಕ ಸಂಗೀತ ಕಲಿತ ಮಕ್ಕಳ ಮುಂದೆ ಅವರದೇ ಪುಸ್ತಕವನ್ನು ತೆರೆದಿಟ್ಟರೆ ಹೆಚ್ಚಿನವರು ಗೀತೆಯ ಸ್ವರಗಳನ್ನು ಸರಾಗವಾಗಿ ಹಾಡುತ್ತಾರೆ. ಅದೇ ರಾಗದಲ್ಲಿ, ಅದೇ ತಾಳದಲ್ಲಿ, ಅವರು ಹಿಂದೆಂದೂ ಕೇಳಿರದ ಒಂದೇ ಒಂದು ಆವರ್ತವನ್ನು (ತಾಳದ ಒಂದು ಸುತ್ತನ್ನು) ಹಲಗೆಯ ಮೇಲೆ ಬರೆದುಕೊಟ್ಟರೆ ಅವರೇ ತಡವರಿಸುತ್ತಾರೆ. ಮೊದಲನೆಯದನ್ನು ನಾವು ಓದು ಎಂದು ತಿಳಿದಿರುತ್ತೇವೆ. ವಾಸ್ತವವಾಗಿ ಅದು ಬಾಯಿಪಾಠ, ಪುಸ್ತಕ ಅಲ್ಲಿ ಕೇವಲ ನೆಪ. ಕಿವಿಯಿಂದ ಬಂದ ವಿದ್ಯೆಗೆ ಲಿಪಿಯ ಹಂಗೇಕೆ ಎಂದು ಕೇಳುವ ಹಿರಿಯ ಗುರುಗಳ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಲಿಪಿಯನ್ನು ಕಲಿಸುವುದಾದರೆ ಅದನ್ನು ಓದಲು ಬರುವಂತೆ ಕಲಿಸಬೇಕು ಎಂಬುದು ಈ ಮಾರ್ಗದರ್ಶಿಯ ನಿಲುವು.

ಮಕ್ಕಳು ಎಡವುವುದು ಎಲ್ಲಿ ಎಂಬುದನ್ನು ಮೊದಲು ಸರಿಯಾಗಿ ಗುರುತಿಸಿಕೊಳ್ಳಬೇಕು. ಸ, ರಿ, ಗ, ಮ ಎಂಬ ಅಕ್ಷರಗಳನ್ನು ಗುರುತಿಸುವುದು ಕನ್ನಡ ಬಲ್ಲ ಮಗುವಿಗೆ ಕಷ್ಟವೇ ಅಲ್ಲ. ಕಷ್ಟವಿರುವುದು ಎರಡು ಕಡೆ. ಒಂದನೆಯದು ಕಾಲ: ಹ್ರಸ್ವ ಸ್ವರಕ್ಕೆ ಒಂದು ಅಕ್ಷರಕಾಲ (ತಾಳದ ಒಂದು ಎಣಿಕೆ), ದೀರ್ಘಕ್ಕೆ ಎರಡು, ಅಲ್ಪವಿರಾಮಕ್ಕೆ ಇನ್ನೊಂದು, ಅರ್ಧವಿರಾಮಕ್ಕೆ ಎರಡು, ಮೇಲೆ ಗೆರೆ ಎಳೆದರೆ ಎರಡನೇ ಕಾಲ (ಎರಡರಷ್ಟು ವೇಗ), ಎರಡು ಗೆರೆ ಎಳೆದರೆ ಮೂರನೇ ಕಾಲ (ನಾಲ್ಕರಷ್ಟು ವೇಗ). ಎರಡನೆಯದು ಸ್ಥಾನ: ಪಾಶ್ಚಾತ್ಯ ಲಿಪಿಯಲ್ಲಿ ಸ್ವರ ಏರಿದರೆ ಗುರುತೂ ಗೆರೆಗಳ ಮೇಲೆ ಏರುತ್ತದೆ, ನಮ್ಮ ಲಿಪಿಯಲ್ಲಿ ಮಂದ್ರದ (ಕೆಳಗಿನ ಸ್ಥಾಯಿಯ) ನಿಷಾದವಾಗಲಿ ತಾರದ (ಮೇಲಿನ ಸ್ಥಾಯಿಯ) ಷಡ್ಜವಾಗಲಿ ಒಂದೇ ಸಾಲಿನಲ್ಲಿ ಕುಳಿತಿರುತ್ತದೆ, ಕೆಳಗೋ ಮೇಲೋ ಒಂದು ಚುಕ್ಕಿಯಷ್ಟೇ ವ್ಯತ್ಯಾಸ. ಕಾಣದ ಈ ಏರಿಳಿತವನ್ನೂ ಅಳೆಯಲಾಗದ ಆ ಕಾಲವನ್ನೂ ಮೈಯಲ್ಲಿ ನೆಲೆಗೊಳಿಸಿದ ಮೇಲೆಯೇ ಕಾಗದವನ್ನು ಕೈಗೆ ಕೊಡಬೇಕು.

ಈ ವಿಚಾರ ಹೊಸದೇನಲ್ಲ. ಜಿನೀವಾದ ಸಂಗೀತ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಎಮಿಲ್ ಜಾಕ್ಸ್-ಡಾಲ್‌ಕ್ರೋಜ್ (1865–1950), ಲಿಪಿಯನ್ನು ತಪ್ಪಿಲ್ಲದೆ ಬರೆಯಬಲ್ಲ ವಿದ್ಯಾರ್ಥಿಗಳಿಗೆ ತಾವು ಬರೆದದ್ದು ಹೇಗೆ ಕೇಳಿಸುತ್ತದೆಂಬ ಅರಿವಿಲ್ಲದಿರುವುದನ್ನು ಕಂಡು, ನಡಿಗೆ ಮತ್ತು ಚಲನೆಯ ಮೂಲಕ ಲಯ ಕಲಿಸುವ ಪದ್ಧತಿಯನ್ನು ರೂಪಿಸಿದರು. ಇಂಗ್ಲೆಂಡಿನ ಜಾನ್ ಕರ್ವೆನ್ ಬಳಕೆಗೆ ತಂದ ಕೈಸನ್ನೆಗಳನ್ನು ಹಂಗೆರಿಯ ಜೊಲ್ಟಾನ್ ಕೊಡಾಯ್ (1882–1967) ಅವರ ಶಿಕ್ಷಣ ಪದ್ಧತಿ ಶಾಲೆಗಳಲ್ಲಿ ನೆಲೆಗೊಳಿಸಿತು. ಯುರೋಪಿನ ಮಧ್ಯಯುಗದ ಗಾಯಕರು ಬೆರಳ ಗೆಣ್ಣುಗಳ ಮೇಲೆ ಸ್ವರಗಳನ್ನು ಎಣಿಸಿದರು. ನಾವು ಅದೇ ಬೆರಳುಗಳ ಮೇಲೆ ಕಾಲವನ್ನು ಎಣಿಸುತ್ತೇವೆ. ಸೂಳಾದಿ ಸಪ್ತತಾಳಗಳ ಲಘು (ಒಂದು ಪೆಟ್ಟು ಮತ್ತು ಬೆರಳೆಣಿಕೆ), ದ್ರುತ (ಪೆಟ್ಟು ಮತ್ತು ಹುಸಿ, ಎಂದರೆ ಕೈಯನ್ನು ಮಗುಚುವುದು), ಅನುದ್ರುತ (ಒಂದೇ ಪೆಟ್ಟು) ಎಂಬ ಅಂಗಗಳನ್ನು ಕೈಯಲ್ಲಿ ಹಾಕುತ್ತಲೇ ಹಾಡುವುದು ನಮ್ಮಲ್ಲಿ ಮೊದಲಿನಿಂದಲೂ ಇರುವ ಕ್ರಮ. ಡಾಲ್‌ಕ್ರೋಜ್ ಹೊಸದಾಗಿ ಕಟ್ಟಬೇಕಾಗಿ ಬಂದದ್ದರಲ್ಲಿ ಅರ್ಧ ಭಾಗ ನಮಗೆ ಪರಂಪರೆಯಿಂದಲೇ ಸಿಕ್ಕಿದೆ. ಅದನ್ನು ಲಿಪಿಯ ಓದಿಗೆ ಜೋಡಿಸುವ ಕೆಲಸ ಮಾತ್ರ ಉಳಿದಿದೆ.

ಬೇಕಾಗುವ ಸಲಕರಣೆ

ಸರಳೆ ವರಸೆ, ಜಂಟಿ ವರಸೆ ಎಂಬ ಆರಂಭಿಕ ಸ್ವರಾಭ್ಯಾಸಗಳನ್ನು ಮುಗಿಸಿದ, ಕನ್ನಡ ಅಥವಾ ತಮಗೆ ತಿಳಿದ ಯಾವುದೇ ಲಿಪಿಯನ್ನು ತಡೆಯಿಲ್ಲದೆ ಓದಬಲ್ಲ ಮಗುವಿಗೆ ಈ ಪಾಠವನ್ನು ಆರಂಭಿಸಬಹುದು. ಸುಮಾರು 12 ಅಡಿ ಉದ್ದದ ಖಾಲಿ ನೆಲ, ಸೀಮೆಸುಣ್ಣ, ಒಂದು ಮೊಬೈಲ್, ಅದರಲ್ಲಿ ತಂಬೂರಿಯ ಆ್ಯಪ್ ಮತ್ತು ತಾಳದ ಆ್ಯಪ್, ಸಾಧ್ಯವಿದ್ದರೆ ಒಂದು ಕಂಪ್ಯೂಟರ್ ಇಷ್ಟಿದ್ದರೆ ಸಾಕು. ಬೆಂಗಳೂರಿನ ರಾಡೆಲ್ ಸಂಸ್ಥೆಯಂಥವರು ತಯಾರಿಸುವ ಎಲೆಕ್ಟ್ರಾನಿಕ್ ತಂಬೂರಿ ಮನೆಯಲ್ಲಿದ್ದರೆ ಮೊಬೈಲಿಗಿಂತ ಅದೇ ಮೇಲು, ಏಕೆಂದರೆ ಪಾಠದ ನಡುವೆ ಅದಕ್ಕೆ ಕರೆ ಬರುವುದಿಲ್ಲ.

ಸ್ಪೀಕರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬ್ಲೂಟೂತ್ ಮೂಲಕ ಹೋಗುವ ಧ್ವನಿ ಸಾಮಾನ್ಯವಾಗಿ 0.1ರಿಂದ 0.3 ಸೆಕೆಂಡಿನಷ್ಟು ತಡವಾಗಿ ಕೇಳಿಸುತ್ತದೆ. ಎಲ್ಲರೂ ಕೇಳಿದ್ದಕ್ಕೆ ತಾಳ ಹಾಕುವಾಗ ಇದರಿಂದ ತೊಂದರೆಯಿಲ್ಲ, ಏಕೆಂದರೆ ಎಲ್ಲರಿಗೂ ಕೇಳಿಸುವುದು ಅದೇ ತಡವಾದ ಧ್ವನಿ. ಪರದೆಯ ಮೇಲೆ ಸ್ವರಗಳು ಒಂದೊಂದಾಗಿ ಹೊಳೆಯುವ ಆ್ಯಪ್‌ಗಳಲ್ಲಿ ಮಾತ್ರ ಕಣ್ಣು ಒಂದು ಹೇಳಿದರೆ ಕಿವಿ ಇನ್ನೊಂದು ಹೇಳುತ್ತದೆ. ನಿಮಿಷಕ್ಕೆ 60 ಅಕ್ಷರಕಾಲದ ನಡೆಯಲ್ಲಿ ಮೂರನೇ ಕಾಲದ ಒಂದು ಸ್ವರಕ್ಕೆ ಸಿಗುವುದು ಕಾಲು ಸೆಕೆಂಡು, 0.2 ಸೆಕೆಂಡಿನ ವಿಳಂಬವೆಂದರೆ ಹೆಚ್ಚುಕಡಿಮೆ ಒಂದಿಡೀ ಸ್ವರ ತಪ್ಪಿದಂತೆ. ಇಂಥ ಪಾಠಕ್ಕೆ ತಂತಿಯ ಸ್ಪೀಕರನ್ನೇ ಬಳಸಬೇಕು.

ಹಂತ 1: ಸ್ವರವಿಲ್ಲದೆ ಕೈ

ಮೊದಲ ಕೆಲವು ತರಗತಿಗಳಲ್ಲಿ ಹಾಡೂ ಬೇಡ, ಪುಸ್ತಕವೂ ಬೇಡ. ಆದಿತಾಳದ ಎಂಟು ಅಕ್ಷರಕಾಲಗಳನ್ನು, ಎಂದರೆ ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ಪೆಟ್ಟು-ಹುಸಿ, ಮತ್ತೆ ಪೆಟ್ಟು-ಹುಸಿ, ಹೀಗೆ ನಿಂತಲ್ಲೇ ಹೆಜ್ಜೆ ಹಾಕುತ್ತ ಕೈಯಲ್ಲಿ ನಡೆಸಬೇಕು. ಹೆಜ್ಜೆ ಮತ್ತು ಕೈ ಎರಡೂ ಒಟ್ಟಿಗೆ ಬಿದ್ದಾಗ ಮಾತ್ರ ಮಗುವಿಗೆ ಬೆರಳೆಣಿಕೆಯೂ ಪೆಟ್ಟಿನಷ್ಟೇ ಕಾಲ ತೆಗೆದುಕೊಳ್ಳುತ್ತದೆಂಬುದು ತಿಳಿಯುತ್ತದೆ. ಬೆರಳುಗಳನ್ನು ಬೇಗ ಬೇಗ ಮುಟ್ಟಿಸಿ ಪೆಟ್ಟಿನ ಬಳಿ ಕಾಯುವುದು ಹೊಸಬರಲ್ಲಿ ಕಾಣುವ ಅತಿ ಸಾಮಾನ್ಯ ದೋಷ.

ತಾಳದ ಆ್ಯಪನ್ನು ಮೊದಲು ಪ್ರತಿ ಅಕ್ಷರಕಾಲಕ್ಕೂ ಸದ್ದು ಮಾಡುವಂತೆ, ನಿಮಿಷಕ್ಕೆ 60ರ ನಡೆಯಲ್ಲಿ ಇಡಿ. ಕೈ ಪಳಗಿದ ಮೇಲೆ ಅಂಗದ ಆರಂಭಕ್ಕೆ ಮಾತ್ರ ಸದ್ದಿರಲಿ, ಅನಂತರ ಆವರ್ತದ ಆರಂಭಕ್ಕೆ ಮಾತ್ರ. ಆಗ ಎಂಟು ಸೆಕೆಂಡಿಗೊಮ್ಮೆ ಒಂದು ಸದ್ದು, ನಡುವಿನದ್ದೆಲ್ಲ ಮಗುವಿನ ಹೊಣೆ. ಆ್ಯಪಿನಲ್ಲಿ ಇಂಥ ಸೌಲಭ್ಯ ಇಲ್ಲದಿದ್ದರೆ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತಾಳದ ಸದ್ದನ್ನು ತಯಾರಿಸಿಕೊಂಡು, ನಾಲ್ಕು ಆವರ್ತಗಳ ನಂತರ ಎರಡು ಆವರ್ತಗಳನ್ನು ಮೌನವಾಗಿಸಿ ಇಟ್ಟುಕೊಳ್ಳಬಹುದು. ಮೌನ ಮುಗಿದು ಸದ್ದು ಮರಳಿದಾಗ ಮಗುವಿನ ಪೆಟ್ಟು ಅದರ ಮೇಲೆಯೇ ಬಿದ್ದಿತೇ ಎಂಬುದು ಯಾರೂ ಹೇಳದೆಯೇ ಗೊತ್ತಾಗುತ್ತದೆ. ಕೊನೆಯವರೆಗೂ ಟಕ್ ಟಕ್ ಸದ್ದಿಗೆ ಒರಗಿಯೇ ಹಾಡಿದ ಮಗುವಿಗೆ ಲಯ ಬಂದಿದೆಯೆಂದು ನಂಬಬೇಡಿ.

ಹಂತ 2: ಕಾಲವನ್ನು ನೆಲದ ಮೇಲೆ ನಡೆಯುವುದು

ಈ ಹಂತ ಇಡೀ ಪದ್ಧತಿಯ ಬುನಾದಿಯಾದ್ದರಿಂದ ಇಲ್ಲಿ ಅವಸರ ಮಾಡಬಾರದು. ಕುಂಟೆಬಿಲ್ಲೆಗೆ ಹಾಕುವಂತೆ ನೆಲದ ಮೇಲೆ ಸೀಮೆಸುಣ್ಣದಿಂದ ಸಾಲಾಗಿ ಮನೆಗಳನ್ನು ಬರೆಯಿರಿ. ಒಂದು ಮನೆಗೆ ಒಂದು ಅಕ್ಷರಕಾಲ. ಅಂಗ ಮುಗಿದಲ್ಲಿ ದಪ್ಪ ಗೆರೆ, ಆವರ್ತ ಮುಗಿದಲ್ಲಿ ಜೋಡಿ ಗೆರೆ. ಮುಂದೆ ಕಾಗದದ ಮೇಲೆ ಕಾಣಲಿರುವ ಗೆರೆಗಳೂ ಇವೇ. ಹ್ರಸ್ವ ಸ್ವರಕ್ಕೆ ಒಂದು ಮನೆಯಲ್ಲಿ ಒಂದು ಹೆಜ್ಜೆ. ದೀರ್ಘ ಸ್ವರಕ್ಕೆ ಒಂದು ಮನೆಯಲ್ಲಿ ಹೆಜ್ಜೆಯಿಟ್ಟು ಅದೇ ಪಾದವನ್ನು ನೆಲದಿಂದ ಎತ್ತದೆ ಮುಂದಿನ ಮನೆಗೆ ಜಾರಿಸುವುದು. ಪಾದವನ್ನು ಎತ್ತಿದರೆ ಹೊಸ ಸ್ವರ, ಜಾರಿಸಿದರೆ ಅದೇ ಸ್ವರದ ಮುಂದುವರಿಕೆ. ಇದೊಂದು ಕಟ್ಟಳೆ ಮೈಗೂಡಿದರೆ ಅಲ್ಪವಿರಾಮವನ್ನು ಮೌನವೆಂದು ತಿಳಿದು ಅಲ್ಲಿ ಉಸಿರೆಳೆಯುವ ಅಭ್ಯಾಸ ಹುಟ್ಟುವುದೇ ಇಲ್ಲ.

ಇದಕ್ಕೆ ಖಂಡಜಾತಿ (ಲಘುವಿಗೆ ಐದು ಎಣಿಕೆಯ) ಅಟತಾಳದ ಅಲಂಕಾರವೆಂಬ ಸ್ವರಾಭ್ಯಾಸಕ್ಕಿಂತ ಒಳ್ಳೆಯ ಸಾಮಗ್ರಿ ಸಿಗದು. ಹ್ರಸ್ವ ದೀರ್ಘಗಳು ಬೆರೆತ ಅದರ ಮೊದಲ ಸಾಲು ಹೀಗಿದೆ:

ಸ ರೀ ಗಾ | ಸಾ ರಿ ಗಾ | ಮಾ | ಮಾ ||

ಐದು, ಐದು, ಎರಡು, ಎರಡು, ಒಟ್ಟು 14 ಮನೆಗಳು. ಮೊದಲ ಲಘುವಿನಲ್ಲಿ ಒಂದು ಹೆಜ್ಜೆ ಮತ್ತು ಎರಡು ಜಾರು. ಎರಡನೆಯ ಲಘುವಿನಲ್ಲಿ ಜಾರು, ಹೆಜ್ಜೆ, ಜಾರು. ದ್ರುತಗಳಲ್ಲಿ ಒಂದೊಂದು ಜಾರು. ನೆಲದ ಮೇಲೆ ನಡೆದು ಬಂದ ಮಗುವನ್ನು ಕೂರಿಸಿ ಅದನ್ನೇ ಕೈಯಲ್ಲಿ ಹಾಕಿಸಿದರೆ, ಮೊದಲ ಲಘುವಿನ ‘ಸ’ ಪೆಟ್ಟಿನ ಮೇಲೆ, ‘ರೀ’ ಕಿರುಬೆರಳು ಮತ್ತು ಉಂಗುರಬೆರಳುಗಳ ಮೇಲೆ, ‘ಗಾ’ ನಡುಬೆರಳು ಮತ್ತು ತೋರುಬೆರಳುಗಳ ಮೇಲೆ ಬರುತ್ತದೆ. ಎರಡನೆಯ ಲಘುವಿನಲ್ಲಿ ‘ಸಾ’ ಪೆಟ್ಟು ಮತ್ತು ಕಿರುಬೆರಳನ್ನು ಹಿಡಿದುಕೊಂಡು, ‘ರಿ’ ಉಂಗುರಬೆರಳಿನ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ಎರಡು ಲಘುಗಳಿಗೂ ಸ್ವರಗಳು ಅವೇ, ಬೆರಳುಗಳೂ ಅವೇ. ಹಂಚಿಕೆ ಮಾತ್ರ ಬೇರೆ. ಈ ವ್ಯತ್ಯಾಸವನ್ನು ಬೆರಳ ತುದಿಯಲ್ಲಿ ಅನುಭವಿಸಿದ ಮಗುವಿಗೆ ಲಿಪಿಯ ಹ್ರಸ್ವ ದೀರ್ಘಗಳನ್ನು ಮತ್ತೆ ವಿವರಿಸಬೇಕಾಗುವುದಿಲ್ಲ.

ಹಂತ 3: ಸ್ಥಾನದ ಗೆರೆಗಳು

ಈಗ ಮನೆಗಳನ್ನು ಅಳಿಸಿ, ಒಂದೊಂದು ಅಡಿ ಅಂತರದಲ್ಲಿ 13 ಅಡ್ಡಗೆರೆಗಳನ್ನು ಎಳೆಯಿರಿ. ಜಾಗ ಕಡಿಮೆಯಿದ್ದರೆ ಅರ್ಧ ಅಡಿಯೂ ಸಾಕು. ಷಡ್ಜದಿಂದ ತಾರಷಡ್ಜದವರೆಗಿನ 12 ಸ್ವರಸ್ಥಾನಗಳ ಅಂತರ ಇದು. ಆರಂಭದ ಪಾಠಗಳೆಲ್ಲ ಇರುವ ಮಾಯಾಮಾಳವಗೌಳ ರಾಗದಲ್ಲಿ ಆರಂಭದ ಗೆರೆ ಷಡ್ಜವಾದರೆ ಅಲ್ಲಿಂದ 1ನೇ ಅಡಿಗೆ ರಿಷಭ, 4ಕ್ಕೆ ಗಾಂಧಾರ, 5ಕ್ಕೆ ಮಧ್ಯಮ, 7ಕ್ಕೆ ಪಂಚಮ, 8ಕ್ಕೆ ಧೈವತ, 11ಕ್ಕೆ ನಿಷಾದ, 12ಕ್ಕೆ ತಾರಷಡ್ಜ ಬರುತ್ತವೆ. ಸ್ವರಗಳ ಹೆಸರನ್ನು ಆಯಾ ಗೆರೆಯ ಬಳಿ ಬರೆದು, ಉಳಿದ ಗೆರೆಗಳನ್ನು ಹಾಗೆಯೇ ಬಿಡಿ.

ಸರಿಗಮ ಎಂದು ನಡೆದರೆ ಒಂದು ಪುಟ್ಟ ಹೆಜ್ಜೆ, ಒಂದು ದೊಡ್ಡ ನೆಗೆತ, ಮತ್ತೆ ಪುಟ್ಟ ಹೆಜ್ಜೆ. ಸಮಾನ ಮೆಟ್ಟಿಲುಗಳ ಏಣಿಯ ಚಿತ್ರವನ್ನು ಗೋಡೆಗೆ ಅಂಟಿಸಿ ಸಪ್ತಸ್ವರ ಕಲಿಸುವ ರೂಢಿ ಹಲವು ಶಾಲೆಗಳಲ್ಲಿದೆ. ನನಗೆ ಅದು ಸರಿಯೆನಿಸುವುದಿಲ್ಲ. ಸ-ರಿ ಮತ್ತು ರಿ-ಗ ಎರಡೂ ಒಂದೇ ಅಂತರವೆಂದು ಕಣ್ಣಿಗೆ ತೋರಿಸಿ, ಗಂಟಲಿನಿಂದ ಬೇರೆಯದನ್ನು ನಿರೀಕ್ಷಿಸುವುದು ಹೇಗೆ? ಕೊಡಾಯ್ ಪದ್ಧತಿಯ ಕೈಸನ್ನೆಗಳನ್ನು ಹಾಗೆಯೇ ತರುವುದರಲ್ಲೂ ಇದೇ ತೊಡಕಿದೆ: ರಾಗ ಬದಲಾದಂತೆ ನಮ್ಮಲ್ಲಿ ಅದೇ ಹೆಸರಿನ ರಿಷಭ, ಗಾಂಧಾರಗಳ ಸ್ಥಾನ ಬದಲಾಗುತ್ತದೆ, ಸನ್ನೆ ಮಾತ್ರ ಬದಲಾಗುವುದಿಲ್ಲ. ನೆಲದ ಗೆರೆಗಳಲ್ಲಾದರೆ ಹೆಸರಿನ ಚೀಟಿಯನ್ನು ಒಂದು ಗೆರೆಯಿಂದ ಇನ್ನೊಂದಕ್ಕೆ ಸರಿಸಿದರಾಯಿತು.

ತಂಬೂರಿಯನ್ನು ಮಗುವಿನ ಶ್ರುತಿಗೆ ಇಟ್ಟು, ನೀವು ಗೆರೆಯ ಮೇಲೆ ನಿಂತರೆ ಮಗು ಹಾಡಬೇಕು, ಮಗು ನಿಂತರೆ ನೀವು ಹಾಡಬೇಕು. ಅನಂತರ ಹೆಜ್ಜೆಯ ಬದಲು ಎಡಗೈಯ ಎತ್ತರದಿಂದ ಅದೇ ಅಂತರಗಳನ್ನು ತೋರಿಸಲಿ: ಹೊಟ್ಟೆಯ ಮಟ್ಟಕ್ಕೆ ಷಡ್ಜ, ಹಣೆಯ ಮಟ್ಟಕ್ಕೆ ತಾರಷಡ್ಜ. ಬಲಗೈ ತಾಳಕ್ಕೆ ಮೀಸಲು. ಎರಡೂ ಕೈಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚುವ ಆತುರ ಬೇಡ; ಕಾಲ ಮತ್ತು ಸ್ಥಾನಗಳು ಬೇರೆಬೇರೆಯಾಗಿ ಗಟ್ಟಿಯಾಗದೆ ಜೋಡಿಸಿದರೆ ಎರಡೂ ಕೆಡುತ್ತವೆ.

ಹಂತ 4: ಓದುವ ಹಾಳೆಯನ್ನು ಸಿದ್ಧಪಡಿಸುವುದು

ಮುದ್ರಿತ ಪುಸ್ತಕಗಳಲ್ಲಿ ಜಾಗ ಉಳಿಸಲು ಸ್ವರಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಆರಂಭಿಕರಿಗೆ ನೆಲದ ಮನೆಗಳನ್ನೇ ಹೋಲುವ ಹಾಳೆ ಬೇಕು. ಗೂಗಲ್ ಶೀಟ್ಸ್‌ನಲ್ಲೋ ಎಕ್ಸೆಲ್‌ನಲ್ಲೋ ಒಂದು ಆವರ್ತಕ್ಕೆ ಒಂದು ಸಾಲು, ಒಂದು ಅಕ್ಷರಕಾಲಕ್ಕೆ ಒಂದು ಚೌಕ ಎಂದು ನಿಗದಿ ಮಾಡಿ, ಅಂಗಗಳ ನಡುವೆ ದಪ್ಪ ಗೆರೆ ಕೊಡಿ. ದೀರ್ಘ ಸ್ವರವಿದ್ದಲ್ಲಿ ಎರಡು ಚೌಕಗಳನ್ನು ಒಂದಾಗಿಸಿ. ತಾರಸ್ಥಾಯಿಯ ಚುಕ್ಕಿಯನ್ನು ಕನ್ನಡ ಅಕ್ಷರದ ಮೇಲೆ ಕೂರಿಸುವುದು ಕೆಲವು ಫಾಂಟ್‌ಗಳಲ್ಲಿ ತಲೆನೋವಿನ ಕೆಲಸ. ಚುಕ್ಕಿ ಪಕ್ಕದ ಅಕ್ಷರದ ಮೇಲೆ ಹೋಗಿ ಕೂರುವುದುಂಟು. ಹಾಗಾದಲ್ಲಿ ಮುದ್ರಿಸಿದ ಮೇಲೆ ಪೆನ್ನಿನಿಂದ ಇಡುವುದೇ ಸುಲಭ. ಪೋಷಕರಿಗೆ ವಾಟ್ಸಾಪಿನಲ್ಲಿ ಕಳುಹಿಸುವಾಗ ಸ್ವರಗಳನ್ನು ಬರಹವಾಗಿ ಟೈಪು ಮಾಡದೆ ಪಿಡಿಎಫ್ ಅಥವಾ ಚಿತ್ರವಾಗಿ ಕಳುಹಿಸಿ, ಇಲ್ಲವಾದರೆ ಮೊಬೈಲಿನಿಂದ ಮೊಬೈಲಿಗೆ ಸಾಲುಗಳು ಮುರಿದು ತಾಳದ ಅಂಗಗಳೇ ಕಲಸಿಹೋಗುತ್ತವೆ.

ಹಂತ 5: ಕೈ, ಕಣ್ಣು, ಕಂಠ ಒಂದಾಗುವುದು

ಮೊದಲ ಗೀತೆಯಾಗಿ ಕಲಿಸುವ ‘ಶ್ರೀ ಗಣನಾಥ’ ಮಲಹರಿ ರಾಗ, ರೂಪಕತಾಳದಲ್ಲಿದೆ. ಇಲ್ಲಿ ದ್ರುತ ಮೊದಲು, ಲಘು ಆಮೇಲೆ. ಅದರ ಮೊದಲ ಆವರ್ತ:

ಮ ಪ | ದ ಸ̇ ಸ̇ ರಿ̇ ||

ಮೊದಲು ಸ್ವರದ ಹೆಸರುಗಳನ್ನು ಶ್ರುತಿಯಿಲ್ಲದೆ, ಮಾತಿನಂತೆ, ತಾಳಕ್ಕೆ ಹೇಳಿಸಿ: ಪೆಟ್ಟಿಗೆ ‘ಮ’, ಹುಸಿಗೆ ‘ಪ’, ಮತ್ತೆ ಪೆಟ್ಟಿಗೆ ‘ದ’, ಮೂರು ಬೆರಳುಗಳಿಗೆ ಉಳಿದ ಮೂರು. ಎರಡನೆಯ ಸಲ ತಾಳವನ್ನು ಬಿಟ್ಟು, ಎಡಗೈಯ ಎತ್ತರ ತೋರಿಸುತ್ತ ನಿಧಾನವಾಗಿ ಹಾಡಿಸಿ. ‘ದ’ದಿಂದ ‘ಸ̇’ಗೆ ಹೋಗುವಾಗ ನಿಷಾದ ಇಲ್ಲದ ನಾಲ್ಕಡಿಯ ನೆಗೆತ ಕೈಯಲ್ಲಿ ಕಾಣಬೇಕು. ಮೂರನೆಯ ಸಲ ಬಲಗೈಯ ತಾಳದೊಂದಿಗೆ ಹಾಡಿಸಿ. ಗೀತೆಯನ್ನು ಮಗು ಈಗಾಗಲೇ ಕಲಿತಿದ್ದರೆ ಅದನ್ನು ಬಿಟ್ಟು, ಅದೇ ರಾಗದ ಇನ್ನೊಂದು ಪಿಳ್ಳಾರಿ ಗೀತೆಯನ್ನು (ಆರಂಭಿಕರಿಗೆ ಕಲಿಸುವ ಸರಳ ಗೀತೆಯನ್ನು) ತೆಗೆದುಕೊಳ್ಳಬೇಕು. ಬಂದದ್ದನ್ನೇ ಮತ್ತೆ ‘ಓದಿಸುವುದು’ ನಮ್ಮನ್ನು ನಾವೇ ಮೋಸಗೊಳಿಸಿಕೊಂಡಂತೆ.

ಕಣ್ಣು ಕಂಠಕ್ಕಿಂತ ಮುಂದೆ ಇರಬೇಕೆಂಬುದು ಓದಿನ ನಿಜವಾದ ಗುಟ್ಟು. ಮಗು ‘ದ’ ಎಂದು ಆರಂಭಿಸಿದ ಕೂಡಲೇ ಆ ಚೌಕವನ್ನು ಒಂದು ರಟ್ಟಿನ ಚೂರಿನಿಂದ ಮುಚ್ಚುತ್ತ ಮುಂದೆ ಸಾಗಿ. ಹಾಡುತ್ತಿರುವುದು ಕಾಣದಿದ್ದಾಗ ಕಣ್ಣು ತಾನಾಗಿ ಮುಂದಿನದನ್ನು ಹುಡುಕುತ್ತದೆ. ಅನಂತರ ಒಂದಿಡೀ ಅಂಗವನ್ನೇ ಮುಂಚಿತವಾಗಿ ಮುಚ್ಚಿ. ದೊಡ್ಡ ತರಗತಿಯಲ್ಲಿ ಇದನ್ನು ಪವರ್‌ಪಾಯಿಂಟ್ ಸ್ಲೈಡುಗಳಲ್ಲಿ ಮಾಡಬಹುದು: ಪ್ರತಿ ಸ್ಲೈಡಿನಲ್ಲೂ ಹಿಂದಿನ ಅಂಗ ಮಾಯವಾಗಿ ಮುಂದಿನದು ಮಾತ್ರ ಉಳಿದಿರುವಂತೆ ಮೊದಲೇ ತಯಾರಿಸಿ, ದ್ರುತದ ಹುಸಿ ಬಿದ್ದಾಗ ಸ್ಲೈಡನ್ನು ಬದಲಾಯಿಸಿ.

ಹಂತ 6: ಕೇಳದ ಸಾಲುಗಳು

ಪ್ರತಿ ತರಗತಿಯಲ್ಲೂ ಕನಿಷ್ಠ ಒಂದು ಹೊಸ ಸಾಲನ್ನು ಓದಿಸಲೇಬೇಕು. ಅಷ್ಟು ಸಾಲುಗಳನ್ನು ಬರೆಯುವುದು ಬೇಸರದ ಕೆಲಸವಾದ್ದರಿಂದ ಕಂಪ್ಯೂಟರನ್ನು ದುಡಿಸಿಕೊಳ್ಳಬಹುದು. ಏಳು ಸ್ವರಗಳನ್ನು ಯಾದೃಚ್ಛಿಕವಾಗಿ ಜೋಡಿಸಿದರೆ ರಾಗಕ್ಕೆ ಹೊಂದದ, ಹಾಡಲು ಬಾರದ ನೆಗೆತಗಳು ಬರುತ್ತವೆ. ಅದರ ಬದಲು ರಾಗದ ಜಾಡಿನಲ್ಲೇ ಇರುವ, ನಾಲ್ಕು ಅಕ್ಷರಕಾಲದ 10 ತುಣುಕುಗಳನ್ನೂ ಎರಡು ಅಕ್ಷರಕಾಲದ 6 ತುಣುಕುಗಳನ್ನೂ ನೀವೇ ಬರೆದಿಡಿ. ಲಘುವಿಗೆ ಮೊದಲ ಪಟ್ಟಿಯಿಂದ ಒಂದು, ಎರಡು ದ್ರುತಗಳಿಗೆ ಎರಡನೆಯ ಪಟ್ಟಿಯಿಂದ ಒಂದೊಂದನ್ನು ಶೀಟಿನ ಯಾದೃಚ್ಛಿಕ ಆಯ್ಕೆಯ ಸೂತ್ರ ಆರಿಸಿಕೊಟ್ಟರೆ ಆದಿತಾಳದ 360 ಬೇರೆಬೇರೆ ಸಾಲುಗಳಾಗುತ್ತವೆ. ಸೂತ್ರ ಬರೆಯುವುದು ಒಗ್ಗದವರು ಎರಡು ಡಬ್ಬಿಗಳಲ್ಲಿ ಚೀಟಿ ಹಾಕಿ ಮಕ್ಕಳಿಂದಲೇ ಎತ್ತಿಸಿದರೂ ಆದೀತು. ಮಕ್ಕಳಿಗೆ ಅದೇ ಹೆಚ್ಚು ಇಷ್ಟವಾದರೂ ಆಶ್ಚರ್ಯವಿಲ್ಲ.

ಓದುವ ಮೊದಲು ನೀವು ಹಾಡಿ ತೋರಿಸಬಾರದು. ಸ್ವರ ನುಡಿಸಿ ತೋರಿಸುವ ಆ್ಯಪನ್ನೂ ಬಳಸಬಾರದು. ಯಂತ್ರ ಶ್ರುತಿಯನ್ನು ಹಿಡಿದಿರಲಿ, ಸಾಲನ್ನು ಆರಿಸಿಕೊಡಲಿ, ತಪ್ಪನ್ನು ತೋರಿಸಲಿ. ಮಗುವಿನ ಬದಲಿಗೆ ಹಾಡಿಬಿಟ್ಟರೆ ಮಾತ್ರ ನಾವು ಮತ್ತೆ ಬಾಯಿಪಾಠಕ್ಕೇ ಮರಳಿದಂತೆ.

ಹಂತ 7: ಮೇಲಿನ ಗೆರೆ

ಎರಡನೇ ಕಾಲದಲ್ಲಿ ಕೈಯ ನಡೆ ಬದಲಾಗದೆ ಒಂದು ಕ್ರಿಯೆಗೆ ಎರಡು ಸ್ವರಗಳು ಬರಬೇಕು. ಮಕ್ಕಳು ಸ್ವರದೊಂದಿಗೆ ಕೈಯನ್ನೂ ಓಡಿಸುತ್ತಾರೆ. ಇದಕ್ಕೆ ಮತ್ತೆ ಕಾಲೇ ಮದ್ದು: 60ರ ನಡೆಯಲ್ಲಿ ಹೆಜ್ಜೆ ಹಾಕುತ್ತ, ಪ್ರತಿ ಹೆಜ್ಜೆಗೆ ಎರಡು ಚಪ್ಪಾಳೆ ತಟ್ಟಿಸಿ, ಅನಂತರ ಚಪ್ಪಾಳೆಯ ಜಾಗದಲ್ಲಿ ‘ತಕ’, ಅದರ ಜಾಗದಲ್ಲಿ ಸ್ವರ. ಮೂರನೇ ಕಾಲಕ್ಕೆ ‘ತಕದಿಮಿ’. ಹಾಳೆಯ ಮೇಲೆ ಒಂದು ಚೌಕದಲ್ಲಿ ಎರಡು ಸ್ವರ ಬರೆದು ಮೇಲೆ ಗೆರೆ ಎಳೆಯುವುದನ್ನು ಮಗುವಿನ ಕೈಯಿಂದಲೇ ಮಾಡಿಸಿ. ಗೆರೆಯಿರುವ ಮತ್ತು ಇಲ್ಲದ ಚೌಕಗಳು ಒಂದೇ ಆವರ್ತದಲ್ಲಿ ಬೆರೆತಾಗ ತಡವರಿಸುವುದು ಸಹಜ. ಆಗ ಮತ್ತೆ ನೆಲಕ್ಕೆ ಮರಳಿ ಅದೇ ಆವರ್ತವನ್ನು ನಡೆಯಲಿ.

ಹಂತ 8: ವಿಡಿಯೊದಲ್ಲಿ ತಪಾಸಣೆ

ಮಗು ಓದುವಾಗ ಕೈ ಮತ್ತು ಬಾಯಿ ಎರಡೂ ಚೌಕಟ್ಟಿನಲ್ಲಿ ಬರುವಂತೆ ಮೊಬೈಲನ್ನು ನಿಲ್ಲಿಸಿ ಚಿತ್ರೀಕರಿಸಿ, ಅರ್ಧ ವೇಗದಲ್ಲಿ ಒಟ್ಟಿಗೆ ಕುಳಿತು ನೋಡಿ. ಕೈ ಮೊದಲು ಬಿದ್ದು ಸ್ವರ ಆಮೇಲೆ ಬಂದರೆ ಕಣ್ಣು ತಡವಾಗಿದೆ, ಎಂದರೆ ರಟ್ಟಿನ ಅಭ್ಯಾಸ ಇನ್ನೂ ಬೇಕು. ಸ್ವರ ಮೊದಲು ಬಂದು ಕೈ ಅದನ್ನು ಹಿಂಬಾಲಿಸುತ್ತಿದ್ದರೆ ಮಗು ಓದುತ್ತಿಲ್ಲ, ಊಹಿಸುತ್ತಿದೆ ಅಥವಾ ನೆನಪಿನಿಂದ ಹಾಡುತ್ತಿದೆ. ಕೈ ಸಾಲಿನ ನಡುವೆ ನಿಂತುಹೋದರೆ ಓದುವ ಸಾಲು ಮಗುವಿನ ಮಟ್ಟಕ್ಕೆ ಮೀರಿದೆ. ಸ್ವರ ತಪ್ಪಿದರೂ ಕೈ ನಿಲ್ಲಬಾರದೆಂಬುದನ್ನು ಮೊದಲೇ ಹೇಳಿರಬೇಕು; ತಪ್ಪಿದ ಸ್ವರವನ್ನು ಮುಂದಿನ ಸುತ್ತಿನಲ್ಲಿ ತಿದ್ದಬಹುದು, ಮುರಿದ ಆವರ್ತವನ್ನು ತಿದ್ದಲಾಗದು.

ಶ್ರುತಿಯ ಏರಿಳಿತವನ್ನು ಗೆರೆಯಾಗಿ ತೋರಿಸುವ ಆ್ಯಪ್‌ಗಳನ್ನು ನೇರವಾಗಿ ನಿಲ್ಲುವ ಸ್ವರಗಳಿಗೆ ಮಾತ್ರ ಬಳಸಿ. ಗಮಕ (ಸ್ವರವನ್ನು ತೂಗಿಸಿ ಹಾಡುವುದು) ಬಂದ ಕೂಡಲೇ ಆ ಗೆರೆ ಮೇಲೆ ಕೆಳಗೆ ಹೊಯ್ದಾಡುತ್ತದೆ, ಮಗು ಅದನ್ನು ತಪ್ಪೆಂದು ತಿಳಿದು ಗಮಕವನ್ನೇ ಅಳಿಸಲು ಹೊರಡುತ್ತದೆ. ಗೀತೆ, ಸ್ವರಜತಿಗಳವರೆಗೆ ಈ ಪದ್ಧತಿಯನ್ನು ನೆಚ್ಚಬಹುದು. ವರ್ಣದಿಂದಾಚೆಗೆ ಲಿಪಿ ಎಲುಬಿನ ಹಂದರವನ್ನಷ್ಟೇ ಕೊಡುತ್ತದೆ, ಉಳಿದದ್ದಕ್ಕೆ ಗುರುವಿನ ಕಂಠವೇ ಬೇಕು.

ಧಾರವಾಡದ ಕಡೆಯ ಓದುಗರಿಗೆ, ಹೊರನಾಡಿನ ಮಕ್ಕಳಿಗೆ

ಹಿಂದುಸ್ತಾನಿ ಕಲಿಸುವವರು ಭಾತಖಂಡೆ ಲಿಪಿಗೆ ಇದನ್ನು ಸುಲಭವಾಗಿ ಹೊಂದಿಸಿಕೊಳ್ಳಬಹುದು. ಅಲ್ಲಿ ಒಂದು ಮಾತ್ರೆಗೆ ಸೇರಿದ ಸ್ವರಗಳ ಕೆಳಗೆ ಕಮಾನಿನಂಥ ಗೆರೆ ಇರುತ್ತದೆ, ಕೋಮಲ ಸ್ವರದ ಅಡಿಯಲ್ಲಿ ಅಡ್ಡಗೆರೆ ಇರುತ್ತದೆ. ನೆಲದ ಮನೆಗಳನ್ನು ಮಾತ್ರೆಗಳೆಂದು ಎಣಿಸಿ, ಸಮ್‌ನ ಮನೆಗೆ ಗುಣಾಕಾರದ ಗುರುತನ್ನೂ ಖಾಲಿಯ ಮನೆಗೆ ಸೊನ್ನೆಯನ್ನೂ ಬರೆದರೆ ತೀನ್‌ತಾಲಿನ 16 ಮಾತ್ರೆಗಳನ್ನು ಹಾಗೆಯೇ ನಡೆಯಬಹುದು.

ಅಮೆರಿಕದಲ್ಲೋ ಕೊಲ್ಲಿ ದೇಶಗಳಲ್ಲೋ ಇರುವ ಕನ್ನಡದ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕಲಿಸುವವರು ಗುರುಶಿಷ್ಯರು ಒಟ್ಟಿಗೆ ಹಾಡುವ ಆಸೆಯನ್ನು ಬಿಡಬೇಕು, ಏಕೆಂದರೆ ಧ್ವನಿ ಹೋಗಿ ಬರುವಷ್ಟರಲ್ಲಿ ತಾಳ ತಪ್ಪಿರುತ್ತದೆ. ತಂಬೂರಿ ಮತ್ತು ತಾಳದ ಸದ್ದು ಮಗುವಿನ ಕಡೆಯಲ್ಲೇ ನುಡಿಯಲಿ. ನೀವು ಆಲಿಸಿ, ಕೈಯನ್ನು ನೋಡಿ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆಯ್ಕೆಯನ್ನು ಮಗುವಿನ ಕಡೆಯಲ್ಲಿ ಚಾಲೂ ಮಾಡಿಸದಿದ್ದರೆ ಅದು ತಂಬೂರಿಯನ್ನು ಗದ್ದಲವೆಂದು ಬಗೆದು ಅಳಿಸಿಹಾಕುತ್ತದೆ. ಕ್ಯಾಮೆರಾ ಮುಖದ ಮೇಲಲ್ಲ, ತೊಡೆಯ ಮೇಲೆ ತಾಳ ಹಾಕುವ ಕೈ ಕಾಣುವಂತೆ ಕೆಳಕ್ಕೆ ಬಾಗಿರಲಿ. ಓದಬೇಕಾದ ಹೊಸ ಸಾಲನ್ನು ಹಿಂದಿನ ದಿನವೇ ಕಳುಹಿಸದೆ, ತರಗತಿ ನಡೆಯುತ್ತಿರುವಾಗ ಪರದೆಯ ಮೇಲೆಯೇ ತೋರಿಸಿ.